ಕರಿಯ ಹಿರಿಯೂರಿಗೆ ಹೋದದ್ದು

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ, ನಾನು ಕಟ್ಟಿದ ಹಗ್ಗವನ್ನು ಯಜಮಾನ ಗ್ರಹಾಂ ಚಾಕುವಿನಿಂದ ಕತ್ತರಿಸಿದ. ಕತ್ತರಿಸದಿದ್ದರೆ ಮೆಗ್ ಸಾಯುತ್ತಿತ್ತು.

ನ್ಯೂಜಿಲೆಂಡಿನ ದಕ್ಷಿಣದ ಈ ಕುರಿ ಫಾರ್ಮಿಗೆ ನಾನು ಬಂದು ನಾಲ್ಕು ವರ್ಷವಾಯಿತು. ಮೆಗ್ ಇಲ್ಲಿಯ ಕುರಿನಾಯಿ. ಹಿಂದೆ ತೆರೆದ ತೊಟ್ಟಿಯಿರುವ ಗಾಡಿಗೆ ಇಲ್ಲಿ ‘ಯೂಟ್’ ಅನ್ನುತ್ತಾರೆ. ಮೇವು, ಬೇಲಿ ತಂತಿ, ನಾಯಿ ಎಲ್ಲವೂ ಅದರಲ್ಲೇ ಸಾಗುತ್ತವೆ. ಮೆಗ್ ಆರಾಮವಾಗಿ ತಿರುಗಾಡಲಿ ಎಂದು ಕೊರಳಪಟ್ಟಿಗೆ ಒಂದು ಮಾರು ಹಗ್ಗ ಬಿಟ್ಟು ಕಟ್ಟಿದ್ದೆ. ತಿರುವಿನಲ್ಲಿ ಅದು ಕುರಿ ಕಂಡು ಹೊರಕ್ಕೆ ಜಿಗಿಯಿತು. ಕಾಲು ನೆಲಕ್ಕೆ ಎಟುಕದೆ ಗಾಡಿಯ ಪಕ್ಕದಲ್ಲಿ ನೇತಾಡಿತು.

“ಇಷ್ಟು ಉದ್ದ ಬಿಡಲು ಯಾರು ಕಲಿಸಿದರು ನಿನಗೆ?” ಎಂದು ಗ್ರಹಾಂ ಕೇಳಿದ.

ನಮ್ಮಣ್ಣ ಎಂದೆ.

ಹೊಸದುರ್ಗದ ಕಡೆ, ಹಾಲುರಾಮೇಶ್ವರದ ಹತ್ತಿರ ಕುರಿ ಸಾಕುವ ಮನೆ ನಮ್ಮದು. ಮಂದೆ ಊರು ಬಿಟ್ಟು ಹೊರಟಾಗ ಸಾಮಾನು ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ನಾಯಿಯನ್ನು ಗಾಡಿಯ ಅಚ್ಚಿಗೆ ಕಟ್ಟುತ್ತಿದ್ದೆವು. ಎರಡು ಗಾಲಿಗಳ ನಡುವಿನ ನೆರಳಿನಲ್ಲಿ ಅದು ನಡೆದು ಬರುತ್ತಿತ್ತು. “ಉದ್ದ ಬಿಡೋ ಲೇ, ಅದೂ ನಮ್ಮಂಗೇ ನಡೀಬೇಕಲ್ಲ” ಎನ್ನುತ್ತಿದ್ದ ಅಣ್ಣ. ಎತ್ತಿನ ಗಾಡಿಗೆ ಸರಿಯಾದ ಆ ಮಾತನ್ನು ನಾನು ಯೋಚಿಸದೆ ಯೂಟಿಗೂ ತಂದಿದ್ದೆ.

ಅಲ್ಲಿ ಬಸ್ಸಿಗೆ ಕಾಯುವಾಗ ಗುರುತಿಲ್ಲದವರೂ “ಊಟ ಆತೇನ್ರಿ?” ಅನ್ನುತ್ತಾರೆ. ಇಲ್ಲಿ ಮಳೆ ಗಾಳಿಯ ಮಾತಾಡುತ್ತಾರೆ. ಹತ್ತು ಗಂಟೆಯ ಚಹಾದ ಬಿಡುವಿಗೆ ‘ಸ್ಮೋಕೋ’ ಎಂದು ಹೆಸರು. ಒಂದು ಸ್ಮೋಕೋದಲ್ಲಿ ಮಳೆಯ ಬಗ್ಗೆ ನಾಲ್ಕು ಮಾತು ತಡವರಿಸದೆ ಆಡಿದ ದಿನ, ತಗಡಿನ ಮಾಡಿನ ನನ್ನ ಕೋಣೆಗೆ ಬಂದು, ಉಳಿಸಿಟ್ಟಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ ಉಂಡೆ.

ಈ ವರ್ಷ ಅಣ್ಣ ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಫೋನಿನಲ್ಲಿ ನೋಡಿದೆ. ಜನರ ತಲೆಗಳ ಮೇಲೆ ಫೋನ್ ಎತ್ತಿ ಹಿಡಿದಿದ್ದರಿಂದ ಆಕಾಶವೇ ಹೆಚ್ಚು ಕಂಡಿತು.

ಮೂರು ತಿಂಗಳ ಮೇಲೆ ಅತ್ತಿಗೆ ಹಿರಿಯೂರಿನ ಮಗಳ ಮನೆಗೆ ಹೊರಟರು. ಕುರಿಗಳನ್ನು ಆಗಲೇ ಮಾರಿದ್ದರು. ಅಣ್ಣನ ಜೊತೆ ಹಟ್ಟಿಯಲ್ಲಿ ಮಲಗುತ್ತಿದ್ದ ನಾಯಿ ಕರಿಯ ಮಾತ್ರ ಉಳಿದಿತ್ತು. ಅದು ಬಾಡಿಗೆಯ ತೆರೆದ ಲಗೇಜ್ ಗಾಡಿಯಲ್ಲಿ ಹೋಗಬೇಕು. ಅದನ್ನೂ ದಾರಿಯಲ್ಲಿ ಕಳೆದುಕೊಂಡರೆ ತಡೆಯಲಾರೆ ಎನಿಸಿ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ ಏಳು ಗಂಟೆ, ಇಲ್ಲಿ ಮಧ್ಯಾಹ್ನ.

“ಅತ್ತಿಗೆ, ಕೊರಳಿಗೆ ಕಟ್ಟಬ್ಯಾಡ್ರಿ. ಎದೆಗೆ ಕಟ್ರಿ, ಗಿಡ್ಡಕೆ.”

“ಎದೆಗಾ? ಎಮ್ಮೆಗೆ ಸೀರೆ ಉಡಿಸ್ದಂಗೆ! ನಿಮ್ಮಣ್ಣ ಯಾವತ್ತಾರ ನಾಯಿನ ಹಂಗೆ ಬಿಗಿದಿದ್ರೇನಪ್ಪ?”

ಗಾಡಿ ತಂದಿದ್ದ ಡ್ರೈವರ್ ನಗುತ್ತ ನಡುವೆ ಬಾಯಿ ಹಾಕಿದ: “ವಿಮಾನದಾಗೆ ಹೋದೋರು ನಾಯಿಗೂ ಬೆಲ್ಟ್ ಹಾಕಿಸ್ತಾರಮ್ಮ!”

“ಅಣ್ಣಂದು ಎತ್ತಿನ ಗಾಡಿ, ಅತ್ತಿಗೆ. ಇದು ಅರವತ್ರಾಗೆ ಓಡ್ತೈತೆ. ಹಾರಿದ್ರೆ ನೇಣು ಬಿದ್ದಂಗೆ. ನಾನೇ ಒಂದ್ಸಲ ಆ ತಪ್ಪು ಮಾಡೀನಿ.”

ಅತ್ತಿಗೆ ಸುತ್ತ ಕಣ್ಣಾಡಿಸಿದರು. “ಸಾಮಾನೆಲ್ಲ ಕಟ್ಟಿ ಆತು. ಎದೆಗೆ ಸುತ್ತಾಕೆ ಏನೈತೆ?” ಎಂದರು. ಆಮೇಲೆ ದನಿ ಇಳಿಸಿ, “ನಿಮ್ಮಣ್ಣನ ತಲೆ ರುಮಾಲು ಒಂದೈತೆ” ಅಂದರು.

ಸತ್ತವರ ಬಟ್ಟೆ ಇಟ್ಟುಕೊಳ್ಳಬಾರದೆಂದು ಊರಿನ ಹಿರಿಯರು ಎಲ್ಲವನ್ನೂ ಮನೆಯಿಂದ ಹೊರಗೆ ಹಾಕಿಸಿದ್ದರು. ಅದೊಂದನ್ನು ಅತ್ತಿಗೆ ಬಚ್ಚಿಟ್ಟಿದ್ದು ನನಗೆ ಗೊತ್ತಾದದ್ದು ಆಗಲೇ.

“ಅದು ಗಟ್ಟಿ ಐತೆ, ಅತ್ತಿಗೆ” ಅಂದೆ.

ಫೋನಿನಲ್ಲಿ ನೋಡುತ್ತ, ಗ್ರಹಾಂ ನನಗೆ ತೋರಿಸಿದ್ದನ್ನೇ ಹೇಳಿಕೊಟ್ಟೆ. ಮುಂಗಾಲುಗಳ ಹಿಂದೆ ಒಂದು ಸುತ್ತು, ಎದೆಯ ಮುಂದೆ ಒಂದು ಸುತ್ತು, ಬೆನ್ನ ಮೇಲೆ ಗಂಟು. ಅಲ್ಲಿಂದ ಡ್ರೈವರ್ ಕೋಣೆಯ ಹಿಂದಿನ ಅಡ್ಡಕಂಬಿಯ ನಡುಮಧ್ಯಕ್ಕೆ ಗಿಡ್ಡ ಹಗ್ಗ. ಕೂರಬಹುದು, ಮಲಗಬಹುದು, ಆದರೆ ಮುಂಗಾಲು ಅಂಚಿಗೆ ಎಟುಕಬಾರದು. ತಗಡು ಬಿಸಿಯಾಗುತ್ತದೆಂದು ಕೆಳಗೆ ಗೋಣಿಚೀಲ. ದಾರಿಯಲ್ಲಿ ಮಾರಿಕಣಿವೆ ಅಣೆಕಟ್ಟಿನ ಹತ್ತಿರ ನಿಲ್ಲಿಸಿ ನೀರು.

ನಾನು ಯೂಟಿನಲ್ಲಿ ಮೆಗ್ ಜೊತೆ ಬೇಲಿಯ ಕೆಲಸಕ್ಕೆ ಹೋದೆ. ಮೊಳೆ ಹೊಡೆಯುವಾಗಲೂ ಕಿವಿ ಫೋನಿನ ಕಡೆಗೇ ಇತ್ತು. ಎರಡು ಗಂಟೆ ಕಳೆದ ಮೇಲೆ ಅದು ಬಡಿದುಕೊಂಡಿತು.

“ಬಂದ್ವಪ್ಪ. ದಾರ್ಯಾಗೆ ಯಾರ್ದೋ ಕುರಿ ಕಂಡು ಎರಡು ಸಲ ಎಗರ್ತು. ನೀನು ಹೇಳ್ದಂಗೆ ಕಟ್ಟಿದ್ದಕ್ಕೆ ಉಳೀತು ನೋಡು. ಈಗ ಬಿಚ್ಚಿದ್ರೂ ಇಳೀತಿಲ್ಲ. ಊರಿಗೆ ವಾಪಸ್ ಹೋಗಾಣ ಅಂತ ಕುಂತೈತೆ.”

“ಫೋನ್ ಅದರ ಕಿವಿ ಹತ್ರ ಹಿಡೀರಿ.”

ಅಣ್ಣ ಹಟ್ಟಿಯಿಂದ ಕರೆಯುತ್ತಿದ್ದ ಹಾಗೆ, ಕೊನೆಯಲ್ಲಿ ದನಿ ಎಳೆದು, “ಬಾರ್ಲೇ... ಬಾ!” ಎಂದು ಕೂಗಿದೆ. ಆ ಕಡೆ ಧೊಪ್ಪೆಂದು ಸದ್ದಾಯಿತು.

“ಇಳೀತು, ಇಳೀತು! ಗಾಡಿ ಸುತ್ತ ಹುಡುಕ್ತೈತೆ ಕಣಪ್ಪ, ಯಾರ್ನೋ ಏನೋ.”

ನನ್ನ ಬೆನ್ನ ಹಿಂದೆಯೂ ತಗಡು ಸದ್ದಾಯಿತು. ಇಲ್ಲಿಯವರ ಸಿಳ್ಳೆ ನನಗೆ ಬಾರದ ಕಾರಣ ಮೆಗ್‌ಗೂ ಅಣ್ಣನ ಕೂಗನ್ನೇ ಕಲಿಸಿದ್ದೆ. ಅದು ಯೂಟಿನಲ್ಲಿ ಎದ್ದು ನಿಂತು, ಗಿಡ್ಡ ಹಗ್ಗವನ್ನು ಜಗ್ಗುತ್ತ ನನ್ನನ್ನೇ ನೋಡುತ್ತಿತ್ತು. ಅತ್ತಿಗೆ ಇನ್ನೂ ಮಾತಾಡುತ್ತಿದ್ದರು. ಫೋನನ್ನು ಕಿವಿಗೆ ಒತ್ತಿಕೊಂಡೇ ಹೋಗಿ ಅದರ ಕೊಂಡಿ ಬಿಚ್ಚಿದೆ.