ತಾಡಪತ್ರಿ ಕಾಕಾ ತೋರಿಸಿದ ಗೆರೆ

ಅವರ ಬಲ ಅಂಗೈಯ ನಡುವೆ ಹುಣಸೆಬೀಜದಷ್ಟು ದೊಡ್ಡ ಜಡ್ಡು ಇತ್ತು. ದಪ್ಪ ತಾಡಪತ್ರಿಯೊಳಗೆ ಡಬ್ಬಣವನ್ನು ಒತ್ತಿ ಒತ್ತಿ ಆದದ್ದು. ಬಲ ಅಂಗೈ ಎಂದು ಬರೆದ ಮೇಲೆ ಅನುಮಾನ ಬರುತ್ತಿದೆ. ಅವರು ಎಡಚರಾಗಿದ್ದರೇ? ಚಹಾದ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದುದು ನೆನಪಿದೆ, ಆದರೆ ಆಗ ಬಲಗೈ ಬಟ್ಟೆ ಸರಿಸುತ್ತಿತ್ತಲ್ಲ. ಇಂಥ ತಪ್ಪುಗಳು ಮುಂದೆಯೂ ಇರಬಹುದು. ದಿನಾ ಡೈರಿ ಬರೆಯುವ ನಾನು ಈ ಕತೆ ನಡೆದ ಎರಡು ವಾರ ಮಾತ್ರ ಒಂದು ಸಾಲನ್ನೂ ಬರೆದಿಲ್ಲ. ಖುಷಿಯಲ್ಲಿದ್ದಾಗ ನನಗೆ ಬರೆಯಲು ತೋಚುವುದೇ ಇಲ್ಲ.

ಗೋಕಾಕದಲ್ಲಿ ನಮ್ಮ ಓಣಿ ಹೊಳೆಯ ಕಡೆ ಇಳಿಯುವಲ್ಲಿ ಅವರ ಅಂಗಡಿ. ಟ್ರ್ಯಾಕ್ಟರಿನ ಹೊದಿಕೆ, ಗೋವಿನಜೋಳದ ರಾಶಿಗೆ ಮುಚ್ಚುವ ತಾಡಪತ್ರಿ, ಕಬ್ಬು ಕಡಿಯುವ ಗ್ಯಾಂಗಿನವರು ಹೊಲದಲ್ಲಿ ಹಾಕಿಕೊಳ್ಳುವ ಗುಡಿಸಲುಗಳ ಮಾಡು, ಎಲ್ಲವನ್ನೂ ಹೊಲಿಯುತ್ತಿದ್ದರು. ಮೂಡಲಗಿಯಿಂದಲೂ ಗಿರಾಕಿಗಳು ಬರುತ್ತಿದ್ದರು. ನಮಗೆ ರಕ್ತಸಂಬಂಧಿಯಲ್ಲ, ಅಪ್ಪನ ಗೆಳೆಯ. ಓಣಿಗೆಲ್ಲ ತಾಡಪತ್ರಿ ಕಾಕಾ.

ಯಾರು ಬಂದು ಏನು ಹೇಳಿದರೂ ಅವರು ಮಷಿನ್ ತುಳಿಯುತ್ತಲೇ ಕೇಳುತ್ತಿದ್ದರು. ಹೊಸಬರು ಬೇಸರಪಟ್ಟು ಸುಮ್ಮನಾದರೆ, "ಹೇಳ್ರಿ, ಹೇಳ್ರಿ. ಕೆಲಸ ಇರೂದು ಕಾಲಿಗೆ, ಕಿವಿ ಖಾಲಿ ಅದಾವು" ಎನ್ನುತ್ತಿದ್ದರು. ಓಣಿಯವರಿಗೆ ಒಂದು ಗುಟ್ಟು ಗೊತ್ತಿತ್ತು. ಮಷಿನ್ ನಿಂತಿತೆಂದರೆ ಆಡಿದ ಮಾತು ಕಾಕಾನಿಗೆ ನಾಟಿತು ಎಂದೇ ಅರ್ಥ.

ಎಂ.ಎ. ಮುಗಿದ ವರ್ಷ, ಹತ್ತರಗಿಯ ನನ್ನ ಅತ್ತೆಯ ಮಗಳು, ಇಬ್ಬರು ಹಾಸ್ಟೆಲ್ ಗೆಳತಿಯರು ಮತ್ತು ನಾನು ಕುಮಟಾದ ಕಡೆ ಹೋಗಿ, ಹೊಳೆ ಸಮುದ್ರ ಸೇರುವ ಜೌಗು ದಂಡೆಯಲ್ಲಿ ಎರಡು ದಿನ ಟೆಂಟ್ ಹಾಕಿಕೊಂಡು ಇರಬೇಕೆಂದು ನಿಶ್ಚಯಿಸಿದೆವು. ಬೆಳದಿಂಗಳು ಬೇಕೆಂದು ಹುಣ್ಣಿಮೆಯನ್ನೇ ಆರಿಸಿದೆವು. ಗೆಳತಿಯೊಬ್ಬಳು ಹಿಂದೆ ಅಲ್ಲಿಗೆ ಹೋದಾಗ ತೆಗೆದ ಫೋಟೋ ನೋಡಿ ಜಾಗವನ್ನೂ ಗೊತ್ತುಮಾಡಿದೆವು: ಅಳಿವೆಯ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮುಂದೆ ಒಂದು ನುಣ್ಣನೆಯ ಬಯಲು, ಸಾರಿಸಿದ ಕಣದ ಹಾಗೆ. ಬಯಲುಸೀಮೆಯಲ್ಲಿ ಬೆಳೆದ ನಮ್ಮ ಕಣ್ಣಿಗೆ ಮಲಗಲು ಅದಕ್ಕಿಂತ ಒಳ್ಳೆಯ ಜಾಗ ಕಾಣಲಿಲ್ಲ.

ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ಹರಕ ಟೆಂಟ್ ತಂದಿಯಲ್ಲ, ಮೊದಲ ಅದನ್ನ ಕಾಕಾನ ಹತ್ರ ಒಯ್ಯಿ. ಅಂವಾ ಹೋಗ್ರಿ ಅಂದ್ರ ಹೋಗ್ರಿ" ಎಂದರು. ಮದುವೆಯ ಮಾತು ಮನೆಯಲ್ಲಿ ಆಗಲೇ ಶುರುವಾಗಿತ್ತು. ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲವೆಂದು ನನಗೆ ಗೊತ್ತಿತ್ತು.

ಅತ್ತೆಯ ಮಗಳನ್ನು ಕರೆದುಕೊಂಡು ಅಂಗಡಿಗೆ ಹೋದೆ. ಕಾಕಾ ಟೆಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನವಾ, ಛತ್ರಿ ಅರಿವೀಲೆ ಮನಿ ಕಟ್ಯಾರಲ್ಲ! ಇದರಾಗ ನಾಕ ಮಂದಿ ಮಲಗೂದೇನ?"

"ಇಂಥವು ಎರಡ ಅದಾವ್ರಿ ಕಾಕಾ."

"ಹಂಗಾರ ಶ್ರೀಮಂತರ ಬಿಡ್ರಿ, ಎರಡ ಅಂತಸ್ತಿನ ಮನಿ" ಎಂದು ನಗುತ್ತ ಹರಿದಲ್ಲಿ ತೇಪೆ ಇಟ್ಟು ತುಳಿಯತೊಡಗಿದರು. "ಎಲ್ಲಿ ಹಾಕಾವರು?"

ಅತ್ತೆಯ ಮಗಳು ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಕಾಕಾ ಓರೆಗಣ್ಣಿನಿಂದ ನೋಡಿದರು.

"ಇಲ್ಲಿ ಹುಲ್ಲ ಯಾಕಿಲ್ಲ?"

"ಸ್ವಚ್ಛ ಜಾಗಾ ರಿ" ಎಂದೆ.

"ಸ್ವಚ್ಛ ಮಾಡಿದವರು ಯಾರು? ನೀವು ಬರ್ತೀರಿ ಅಂತ ಆಳು ಹಚ್ಚಿ ಹಸನ ಮಾಡಿಸ್ಯಾರೇನ?"

ಮಷಿನ್ ನಿಂತಿತು.

ಮೊಬೈಲ್ ಇಸಿದುಕೊಂಡು ಹಿಂದಿನ ಗಿಡಗಳನ್ನು ದೊಡ್ಡದು ಮಾಡಿ ತೋರಿಸು ಎಂದರು. ಗಿಡಗಳು ಸೊಂಟದೆತ್ತರದವರೆಗೆ ಕೆಸರಿನ ಬಣ್ಣಕ್ಕಿದ್ದವು, ಅದರ ಮೇಲೆ ಹಸಿರು. ಎಲ್ಲ ಗಿಡಗಳಲ್ಲೂ ಒಂದೇ ಮಟ್ಟಕ್ಕೆ, ಹಗ್ಗ ಹಿಡಿದು ಎಳೆದ ಹಾಗೆ. ಕಾಕಾ ಎದ್ದು ಹಿಂದಿನ ಗೋಡೆಯ ಮೇಲೆ ಬೆರಳಿಟ್ಟರು. ಘಟಪ್ರಭೆಯ ಮಹಾಪೂರ ಅಂಗಡಿಗೆ ನುಗ್ಗಿದಾಗ ನೀರು ನಿಂತ ಗುರುತು ಅಲ್ಲಿತ್ತು. ಅವರು ಅದರ ಮೇಲೆ ಸುಣ್ಣ ಹೊಡೆಸಿರಲಿಲ್ಲ. ನೂಲಿನ ಉಂಡೆ, ಕತ್ತರಿ, ಡಬ್ಬಣ ಎಲ್ಲವೂ ಆ ಗುರುತಿನಿಂದ ಒಂದು ಗೇಣು ಮೇಲಿನ ಮೊಳೆಗಳಲ್ಲೇ ತೂಗುತ್ತಿದ್ದವು.

"ಇದು ನಮ್ಮ ಗೆರಿ. ಅದು ಅವರ ಗೆರಿ" ಎಂದರು. "ನಾ ಸಮುದ್ರ ನೋಡಿಲ್ಲವಾ. ಆದ್ರ ನೀರು ನೋಡೇನಿ. ಗೆರಿ ಕೆಳಗ ಮಲಗಬ್ಯಾಡ್ರಿ."

ನನಗೆ ಸಿಟ್ಟು ಬಂತು. ಸಮುದ್ರ ನೋಡದವರು ಸಮುದ್ರದ ಬಗ್ಗೆ ಹೇಳುವುದೇ ಎನಿಸಿತು. ಉಬ್ಬರ ಇಳಿತ ನನಗೆ ಗೊತ್ತಿಲ್ಲದ ಸಂಗತಿಯಲ್ಲ, ಶಾಲೆಯಲ್ಲಿ ಅದಕ್ಕೆ ಪೂರ್ತಿ ಅಂಕ ಪಡೆದವಳು ನಾನು. ಆದರೆ ಆ ಪಾಠಕ್ಕೂ ಈ ಫೋಟೋಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಊರಿನಲ್ಲಿ ನೀರು ಬರುವುದು ಮಳೆಗಾಲದಲ್ಲಿ, ಅದೂ ಮೊದಲೇ ಹೇಳಿಕಳಿಸಿ.

ಕಾಕಾ ಟೆಂಟ್ ಕೊಡಲಿಲ್ಲ. ಬೇರೆ ಜಾಗ ಗೊತ್ತುಮಾಡಿಕೊಂಡು ಬಂದು ಹೇಳಿದರೆ ಮಾತ್ರ ಕೊಡುವೆನೆಂದರು. ಮೂರು ದಿನ ಫೋನಿನಲ್ಲಿ ವಿಚಾರಿಸಿ, ಆ ಊರಿನ ಒಂದು ಮನೆಯವರನ್ನು ಹಿಡಿದು, ಅವರ ಹಿತ್ತಲಿನಾಚೆಯ ಎತ್ತರದ ದಿಬ್ಬದಲ್ಲಿ ಇರಲು ಒಪ್ಪಿಗೆ ಪಡೆದೆವು. ಅದನ್ನು ಹೇಳಿದಾಗ ಕಾಕಾ ಟೆಂಟಿನ ಜೊತೆ ಎಂಟು ಗಟ್ಟಿ ಚೀಲ ಹೊಲಿದು ಕೊಟ್ಟರು. "ಮೆತ್ತನ್ನ ನೆಲದಾಗ ಗೂಟ ನಿಂದ್ರೂದಿಲ್ಲ. ಕಬ್ಬಿನ ಗ್ಯಾಂಗಿನವರು ಎರಿ ಹೊಲದಾಗ ಹಿಂಗ ಮಾಡ್ತಾರ. ಚೀಲದಾಗ ಮಣ್ಣು ತುಂಬಿ ಹಗ್ಗ ಕಟ್ರಿ" ಎಂದರು. ಆಮೇಲೆ ಅಪ್ಪನಿಗೆ ಕೂಗಿ ಹೇಳಿದರು, "ಕಳಸೋ ಮಾರಾಯಾ, ಹೋಗಿ ಬರಲಿ!"

ಹೋದೆವು. ಮೊದಲ ಸಂಜೆ ನೋಡಿದಾಗ ಆ ನುಣ್ಣನೆಯ ಬಯಲು ಫೋಟೋಕ್ಕಿಂತ ಚೆನ್ನಾಗಿತ್ತು. ಅಲ್ಲಿಯೇ ಹಾಕಬಹುದಿತ್ತಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ್ದೂ ಉಂಟು. ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವಲಕ್ಕಿ ತಿನ್ನುತ್ತ ಕೂತಿದ್ದೆವು. ಸದ್ದಿಲ್ಲದೆ ನೀರು ಬಂತು. ತೆರೆಯಿಲ್ಲ, ಭೋರ್ಗರೆತವಿಲ್ಲ. ಬಯಲಿನ ಸೀಳುಗಳಲ್ಲಿ ಮೊದಲು ತುಂಬಿ, ಆಮೇಲೆ ಇಡೀ ಬಯಲನ್ನು ಮುಚ್ಚಿ, ಗಿಡಗಳ ಮೇಲಿನ ಗೆರೆಗೆ ಸರಿಯಾಗಿ ಬಂದು ನಿಂತಿತು. ಮನೆಯ ಹೆಂಗಸು ಹೊರಗೆ ಬಂದು ನೋಡಿ, "ಹುಣ್ಣಿಮೆ ಅಲ್ವಾ, ಜಾಸ್ತಿ ಬರ್ತದೆ. ರಾತ್ರಿನೂ ಬಂದಿತ್ತು. ನೀವು ಮಲಗಿದ್ರಿ" ಎಂದರು.

ನಾವು ನಾಲ್ವರೂ ಪರಸ್ಪರ ಮುಖ ನೋಡಲಿಲ್ಲ.

ಆ ಪ್ರವಾಸ ನನ್ನ ಬದುಕಿನ ಅತ್ಯಂತ ಒಳ್ಳೆಯ ಎರಡು ದಿನಗಳು. ಅವನ್ನು ಕೊಟ್ಟವರು ಕಾಕಾ. ಹೋಗಬೇಡಿ ಎನ್ನುವುದು ಅವರಿಗೆ ಎಷ್ಟು ಸುಲಭವಿತ್ತು! ಅದನ್ನು ಬಿಟ್ಟು, ಎಲ್ಲಿ ಮಲಗಬಾರದೆಂದಷ್ಟೇ ಹೇಳಿ ಕಳಿಸಿದರು. ಮುಂದೆ ಎಷ್ಟೋ ಮಂದಿ ನನ್ನ ಬಗ್ಗೆ ಕಾಳಜಿ ಮಾಡಿದ್ದಾರೆ. ಆ ಬಗೆಯ ಕಾಳಜಿ ಮಾತ್ರ ಮತ್ತೆ ಸಿಗಲಿಲ್ಲ.

ಇನ್ನು ಬರೆಯಲು ಹಿಂಜರಿದ ಮಾತು. ನಾವು ಮರಳಿ ಬಂದು ಆಟೋದಿಂದ ಇಳಿದದ್ದು ಕಾಕಾನ ಅಂಗಡಿಯ ಮುಂದೆ. ಅಪ್ಪ ಅಲ್ಲೇ ನಿಂತಿದ್ದರು. ನೀರಿನ ಸಂಗತಿ ಕೇಳಿ ಬೆವರಿದರು. "ಮತ್ತ ಆ ಜಾಗಾ ಬ್ಯಾಡಂತ ಹೆಂಗ ಗೊತ್ತಾತು?" ಎಂದರು.

"ಫೋಟೋದಾಗ ಗಿಡದ ಮ್ಯಾಲ ಗೆರಿ ಇತ್ತಪ್ಪಾ. ನಾನ ನೋಡಿದೆ" ಎಂದೆ.

ಯಾಕೆ ಹಾಗೆಂದೆನೋ! ಅಪ್ಪನ ಮುಖ ಅರಳಿತು. "ಕಲಿಸಿದ್ದು ದಂಡ ಆಗಲಿಲ್ಲ" ಎಂದರು. ಒಳಗೆ ಕಾಕಾ ಮಷಿನಿನ ಮುಂದೆ ಕೂತಿದ್ದರು. ನಾನು ಒಳಗೆ ಹೋದಾಗ ಅವರು ಕೇಳಿದ್ದು ಒಂದೇ: "ಚೀಲ ಛಲೋ ಹಿಡದಿದ್ವೇನವಾ?"

ಅಪ್ಪ ಆ ಕತೆಯನ್ನು ವರ್ಷಗಟ್ಟಲೆ ಹೇಳಿದರು. ಹೇಳಿ ಹೇಳಿ ನನಗೂ ನಾನೇ ಗೆರೆ ನೋಡಿದ್ದೆನೆಂದು ನಂಬಿಕೆ ಬರುವಷ್ಟು ಹೇಳಿದರು. ಕಾಕಾ ಎದುರಿಗೇ ಇರುತ್ತಿದ್ದರು, ನಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಗೋಡೆಗೆ ನೀಲಿ ಬಣ್ಣ ಬಂದಿದೆ, ಗೆರೆ ಇಲ್ಲ. ಅವರ ಮಣ್ಣಿಗೆ ಹೋಗಿ ಬಂದ ಸಂಜೆ ಅಪ್ಪನಿಗೆ ಖರೆ ಹೇಳಿದೆ. ಅಪ್ಪ, "ಅಂವಾ ಒಂದ ದಿನಾನೂ ಅನ್ನಲಿಲ್ಲಲ್ಲ" ಎಂದರು.

ಅನ್ನಲಿಲ್ಲ, ಹೌದು. ಅಪ್ಪ ಹೇಳುವ ಕತೆಯನ್ನಂತೂ ಕೇಳಿದ್ದರು, ಆದರೆ ಆ ಸುಳ್ಳನ್ನು ಮೊದಲು ನನ್ನ ಬಾಯಿಂದಲೇ ಕೇಳಿದ್ದರೋ ಇಲ್ಲವೋ? ಅಂದು ನನ್ನ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದವಳು ಅತ್ತೆಯ ಮಗಳು. ಹೋದ ತಿಂಗಳು ಹತ್ತರಗಿಗೆ ಫೋನ್ ಮಾಡಿ ಕೇಳಿದೆ. "ತಡಿ ಅಕ್ಕಾ, ನೆನಪ ಮಾಡ್ಕೊಂಡು ಹೇಳ್ತೀನಿ" ಎಂದಳು. ಇನ್ನೂ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

"ಅವತ್ತ ನಾ ಅಪ್ಪಗ ಹಂಗ ಹೇಳುವಾಗ, ಒಳಗ ಮಷಿನ್ ನಡದಿತ್ತೋ, ನಿಂತಿತ್ತೋ?"