ಕೈಗೆ ಕೊಡದ ಸೂಜಿ

ಕಳೆದ ಭಾನುವಾರ ನವುಲೆಯಲ್ಲಿ ಒಂದು ಕಸೂತಿ ಕ್ಲಾಸಿಗೆ ಸೇರಿದೆ. ಕಲಿಸುವ ಹುಡುಗಿ ಕೆಂಪು ದಾರ ಪೋಣಿಸಿದ ಸೂಜಿಯನ್ನು ನನ್ನತ್ತ ಚಾಚಿದಳು. ನಾನು ತಟ್ಟನೆ ಕೈ ಹಿಂದಕ್ಕೆಳೆದುಕೊಂಡು, "ಕೆಳಗಿಡಮ್ಮ, ತಗೋತೀನಿ" ಎಂದೆ. ಸೂಜಿಯನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ. ಸಂಬಂಧದಲ್ಲಿ ಅತ್ತೆಯಲ್ಲ; ಎರಡು ಮನೆಗೂ ಗೋಡೆ ಒಂದೇ ಆಗಿದ್ದರಿಂದ ಅತ್ತೆ.

ಮಧ್ಯಾಹ್ನ ಪಾತ್ರೆ ತೊಳೆದು ಮುಗಿಸಿದ ಮೇಲೆ ಅವರು ಮೆಟ್ಟಿಲ ಮೇಲೆ ಕೂತು ಹೊಲಿಯುತ್ತಿದ್ದರು. ದಿಂಬಿನ ಚೀಲದ ಮೇಲೆ ಹೂವು, ಟಿ.ವಿ. ಮುಚ್ಚುವ ಬಟ್ಟೆಯ ಮೇಲೆ ನವಿಲು, ಕೊನೆಗೆ ಗಂಡನ ಊಟದ ಡಬ್ಬಿಯ ಚೀಲದ ಮೇಲೂ ಒಂದು ಗಿಳಿ! ಯಾರಿಗೂ ಮಾರಲಿಲ್ಲ, ಬಹುಮಾನಕ್ಕೆ ಕಳಿಸಲಿಲ್ಲ. ಖುಷಿಗೆ ಹೊಲಿಯುತ್ತಿದ್ದರು, ಅಷ್ಟೇ. ಹೊಲಿಯುವಾಗ ಅವರ ನಾಲಿಗೆಯ ತುದಿ ಮಕ್ಕಳ ಹಾಗೆ ಹೊರಗೆ ಬಂದಿರುತ್ತಿತ್ತು...

ಆ ಖುಷಿಯೇ ಎಲ್ಲರ ಕಣ್ಣು ಕುಕ್ಕುತ್ತಿತ್ತು. ಅವರ ಯಜಮಾನರು ಬಂದವರ ಎದುರಿಗೇ, "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ" ಎಂದು ನಗುತ್ತಿದ್ದರು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಕಾರ್ಖಾನೆಯ ಮೊದಲ ಪಾಳಿಗೆ ಡಬ್ಬಿ ಕಟ್ಟಿ ಕಳಿಸುವ ಹೆಂಗಸಿಗೆ ಕೆಲಸವಿಲ್ಲವಂತೆ! ಇವರು ಸಂಜೆಯೆಲ್ಲ ಇಸ್ಪೀಟು ಕುಟ್ಟಿದರೆ ದಣಿವಾರಿಸಿಕೊಂಡ ಹಾಗೆ. ಅವರು ಒಂದು ಗಂಟೆ ಸೂಜಿ ಹಿಡಿದರೆ ದಂಡ. ನಮ್ಮಮ್ಮನೂ ಸೇರಿಕೊಂಡು ನಗುತ್ತಿದ್ದಳು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಎರಡು ವರ್ಷ ಕೂತು ಅತ್ತೆ ಒಂದು ಕೌದಿ ಹೊಲಿದರು. ಯಜಮಾನರ ಹಳೇ ಖಾಕಿ ಪ್ಯಾಂಟು, ನಮ್ಮಮ್ಮನ ಹರಿದ ಸೀರೆ, ನಾನು ಮೂರನೇ ಕ್ಲಾಸಿನಲ್ಲಿ ಹಾಕುತ್ತಿದ್ದ ಹಳದಿ ಲಂಗ... ಬೀದಿಯ ಅರ್ಧ ಬಟ್ಟೆ ಅದರಲ್ಲಿತ್ತು. ಪ್ರತಿ ತುಂಡಿನ ಮೇಲೂ ಒಂದೊಂದು ಹೂವು. ಆಗ ಪಿಯುಸಿಯಲ್ಲಿದ್ದ ನಾನೂ ಪಕ್ಕದಲ್ಲಿ ಕೂತು ಅಂಚು ಹೊಲಿಯುತ್ತಿದ್ದೆ. ಅವರು ಸೂಜಿಯನ್ನು ಮೆಟ್ಟಿಲ ಮೇಲಿಡುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ.

"ಇದನ್ನ ಮಾತ್ರ ಯಾರಿಗೂ ಕೊಡಲ್ಲ ಮಾರಾಯ್ತಿ. ಇದು ನಂದು" ಎಂದಿದ್ದರು. ಅವರ ಬಾಯಲ್ಲಿ 'ನಂದು' ಎಂಬ ಮಾತನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ.

ಕೌದಿ ಮುಗಿದ ವಾರವೇ ಅತ್ತೆ ತವರಿಗೆ ಹೋದರು. ಆ ಹೊತ್ತಿಗೇ ಯಜಮಾನರು ಮನೆಗೆ ಸುಣ್ಣ ಹೊಡೆಸಿದರು. ನೆಲದ ಮೇಲೆ ಹನಿ ಬೀಳಬಾರದೆಂದು ಅವರು ಹಾಸಿದ್ದು ಆ ಕೌದಿಯನ್ನು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸುಣ್ಣ ಹೊಡೆಯುವವನ ಕಾಲಡಿ ನನ್ನ ಹಳದಿ ಲಂಗ, ಅದರ ಮೇಲೆ ಅತ್ತೆಯ ಸೇವಂತಿಗೆ... "ಏನಮ್ಮ, ಏನ್ ಬೇಕಿತ್ತು?" ಎಂದು ಯಜಮಾನರು ಕೇಳಿದರು. "ಏನಿಲ್ಲ ಅಂಕಲ್" ಎಂದು ವಾಪಸು ಬಂದೆ.

ಅತ್ತೆ ಬಂದವರು ಅದನ್ನು ಒಗೆದರು, ಮತ್ತೆ ಒಗೆದರು. ಸುಣ್ಣ ಹೂವಿನ ಎಳೆಗಳನ್ನೇ ತಿಂದುಹಾಕಿತ್ತು. "ಹಳೇ ಬಟ್ಟೆ ಅಂದ್ಕೊಂಡೆ ಕಣೇ" ಎಂದರು ಯಜಮಾನರು. ತಪ್ಪಾಯಿತು ಎಂಬ ಒಂದು ಮಾತಿಲ್ಲ! ಅತ್ತೆ ನನಗೆ ಹೇಳಿದ್ದೂ ಇಷ್ಟೇ: "ಹೋಗ್ಲಿ ಬಿಡು. ಹಳೇ ಬಟ್ಟೇನೇ ಅಲ್ವಾ." ಆಮೇಲೆ ಕಿತ್ತ ಗುಂಡಿ ಹಾಕಲು ಬಿಟ್ಟರೆ ಅವರು ಸೂಜಿ ಹಿಡಿಯಲಿಲ್ಲ.

ಯಜಮಾನರ ಮೇಲೆ ಸಿಟ್ಟಾಗುವುದು ಸುಲಭ. ನನ್ನ ಮೇಲಿನ ಸಿಟ್ಟನ್ನು ಏನು ಮಾಡಲಿ? ಅದು ಅತ್ತೆಯದು, ತೆಗೆಯಿರಿ ಎಂದು ಒಂದು ಮಾತು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಾನು ನೋಡಿದ್ದೆ ಎಂದು ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು.

ನವುಲೆಯ ಆ ಕ್ಲಾಸಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ, ಹೊಲಿಗೆ ಮನಸ್ಸಿಗೆ ಒಳ್ಳೆಯದು ಎಂದು ಬರೆದಿದ್ದಾರೆ. ಜನಕ್ಕೆ ಈಗ ಗೊತ್ತಾಯಿತಂತೆ!

ಹುಡುಗಿ ಸೂಜಿಯನ್ನು ಮೇಜಿನ ಮೇಲಿಟ್ಟು, "ಯಾಕೆ ಆಂಟಿ, ಕೈಗೆ ಕೊಡಬಾರದಾ?" ಎಂದಳು.

"ಕೊಟ್ರೆ ಜಗಳ ಆಗುತ್ತೆ ಅಂತಾರೆ ಕಣಮ್ಮ" ಎಂದೆ. ಅಷ್ಟು ಜೋಪಾನವಾಗಿ ಜಗಳ ತಪ್ಪಿಸಿಕೊಂಡು ಬಂದೆವಲ್ಲ ಅತ್ತೆ, ನಾವಿಬ್ಬರೂ... ಆಡಲೇಬೇಕಿದ್ದ ಒಂದು ಜಗಳವನ್ನೂ ಆಡಲಿಲ್ಲ.

"ಎತ್ಕೋ ಅದನ್ನ" ಎಂದೆ ಹುಡುಗಿಗೆ. "ನನ್ನ ಕೈಗೇ ಕೊಡು."