ಮೂವತ್ತೊಂದು ಸಲ ಕೀಳುವ ಪ್ಲಗ್

ಬೆಳಗಿನ ಐದೂಮುಕ್ಕಾಲು. ದಾಂಡೇಲಿಯಲ್ಲಿ ಕಾರ್ಖಾನೆಯ ಪಾಳಿ ಬದಲಾಗುವ ಮೊದಲೇ ನಸೀರಾ ಗೋಡೆಯ ಪ್ಲಗ್ ಕಿತ್ತುಹಾಕುತ್ತಾರೆ. ಮೇಜಿನ ಮೇಲಿನ ಹಳೆಯ ಕಂಪ್ಯೂಟರ್ ಆರುತ್ತದೆ. ಹತ್ತು ಎಣಿಸಿ ಮತ್ತೆ ಚುಚ್ಚುತ್ತಾರೆ, ಪರದೆ ನೋಡುತ್ತ ಕೂರುತ್ತಾರೆ, ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಇಂಥ ಮೂವತ್ತೊಂದು ಗೆರೆ ಆಗಬೇಕು.

ಹಾಲು ಹಾಕಲು ಬಂದ ಶಂಕ್ರೆವ್ವ ಬಾಗಿಲಲ್ಲೇ ನಿಲ್ಲುತ್ತಾಳೆ. “ನಮ್ಮೂರಾಗ ಲೈಟ್ ತಾವ ಹೋಗತಾವು. ನಿಂದ್ಯಾವ ಹುಚ್ಚವಾ, ನೀನೂ ಕೀಳ್ತಿ!”

“ಅವು ಹೋದಾಗ ಏನಕ್ಕತಿ ಅಂತ ಮದ್ಲ ನೋಡಬೇಕಲ್ಲ ಶಂಕ್ರೆವ್ವಾ.”

“ನೋಡು ನೋಡು. ಹಾಲು ಉಕ್ಕೂದನ್ನೂ ಒಂದೀಟ ನೋಡು.”

ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿ ನಸೀರಾ ಅವರ ಹೊಟ್ಟೆಪಾಡು. ಬೆಳಗಿನ ಎರಡು ತಾಸು ಮಾತ್ರ ಬೇರೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಒಂದು ಮುಕ್ತ ಡೇಟಾಬೇಸನ್ನು ಸುಲಭವಾಗಿ ಅಳವಡಿಸುವಂತೆ ಪ್ಯಾಕೇಜ್ ಮಾಡುವುದು, ಕಂಪ್ಯೂಟರ್ ಹೊತ್ತಿದಾಗ ಅದನ್ನು ತಾನಾಗಿ ಶುರುಮಾಡುವ ಚಿಕ್ಕ ಸ್ಕ್ರಿಪ್ಟನ್ನು ಸರಿಪಡಿಸುವುದು. ಐದು ವರ್ಷದಿಂದ ಇದೇ ರೂಢಿ. ಸಂಬಳವಿಲ್ಲ.

ಅವರ ತಂದೆ ಕಾರ್ಖಾನೆಗೆ ಹೋಗುವಾಗ ಒಳಗಿದ್ದೇನೆ ಎಂಬ ಗುರುತಿಗೆ ಗೇಟಿನ ಹಲಗೆಗೆ ಹಿತ್ತಾಳೆಯ ಬಿಲ್ಲೆ ತೂಗುಹಾಕುತ್ತಿದ್ದರು, ಬರುವಾಗ ತೆಗೆಯುತ್ತಿದ್ದರು. ಡೇಟಾಬೇಸ್ ಕೂಡ ಶುರುವಾದಾಗ ಅಂಥದೊಂದು ಗುರುತು ಇಡುತ್ತದೆ. ಕರೆಂಟ್ ಹಠಾತ್ತನೆ ಹೋದರೆ ಅದನ್ನು ತೆಗೆಯಲು ಪುರುಸೊತ್ತಿಲ್ಲ. ಕರೆಂಟ್ ಮರಳಿದಾಗ ಸ್ಕ್ರಿಪ್ಟ್ ಆ ಗುರುತು ಕಂಡು, ಒಳಗೆ ಕೆಲಸ ನಡೆದಿದೆ ಎಂದುಕೊಂಡು ಸುಮ್ಮನಾಗುತ್ತಿತ್ತು.

ಹೋದ ವರ್ಷ ನಸೀರಾ, ಗುರುತು ಕಂಡರೆ ಅಳಿಸಿಬಿಡು ಎಂದು ಸ್ಕ್ರಿಪ್ಟಿನಲ್ಲಿ ಬರೆದರು. ಒಳಗೆ ನಿಜಕ್ಕೂ ಯಾರಾದರೂ ಇದ್ದಾರೆಯೇ ಎಂದು ಕೂಗಿ ನೋಡುವುದನ್ನು ಬರೆಯಲಿಲ್ಲ. ಮುಂಡಗೋಡದಲ್ಲಿ ಮಹಾಂತಪ್ಪ ನಡೆಸುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಓಡುತ್ತಿದ್ದ ಡೇಟಾಬೇಸನ್ನೇ ಯಾರೋ ಇನ್ನೊಮ್ಮೆ ಶುರುಮಾಡಿದರು. ಸ್ಕ್ರಿಪ್ಟ್ ಗುರುತು ಅಳಿಸಿ ಬಿಟ್ಟುಕೊಟ್ಟಿತು, ಎರಡೂ ಒಂದೇ ದಾಖಲೆಯ ಮೇಲೆ ಬರೆದವು. ಒಂದು ದಿನದ ಫಲಿತಾಂಶವೆಲ್ಲ ಕಲಸಿಹೋಯಿತು. ಮೂವತ್ತೊಂದು ಜನ ಮತ್ತೆ ಬಂದು ರಕ್ತ ಕೊಡಬೇಕಾಯಿತು.

ಅಂದು ನಸೀರಾ ಮೊದಲ ಬಸ್ಸಿಗೇ ಹೋಗಿ ಲ್ಯಾಬಿನ ಬೆಂಚಿನ ಮೇಲೆ ಕೂತಿದ್ದರು. “ಯಾರರ ಬೈದಿದ್ರ ಹಗರ ಆಗತಿತ್ತು. ಕಾಶೆವ್ವ ಅಂತ ಒಬ್ಬಾಕಿ ಮುದುಕಿ, ‘ನಿನ್ನಿ ಆ ಕೈ ಆತು, ಇವತ್ತ ಈ ಕೈ ತಗೋ’ ಅಂತ ಚಾಚಿದ್ಲರಿ. ಮತ್ತೊಂದ ಮಾತಿಲ್ಲ,” ಎಂದು ನಸೀರಾ ನೆನೆಯುತ್ತಾರೆ.

ಅಂದಿನಿಂದ ಮಹಾಂತಪ್ಪ ಹೊಸ ಪ್ಯಾಕೇಜ್ ಮುಟ್ಟಿಲ್ಲ. ಹಳೆಯದನ್ನೇ ಕರೆಂಟ್ ಹೋಗಿಬಂದಾಗಲೆಲ್ಲ ಕೈಯಿಂದ ಶುರುಮಾಡಿಕೊಳ್ಳುತ್ತಾರೆ. ಈಗಿನ ಸ್ಕ್ರಿಪ್ಟ್ ಮೊದಲು ಕೂಗುತ್ತದೆ, ಉತ್ತರ ಬಾರದಿದ್ದರಷ್ಟೇ ಗುರುತು ಅಳಿಸುತ್ತದೆ. ಇವತ್ತು ಅದನ್ನು ಹಾಕಿಕೊಳ್ಳಲು ಅವರು ಒಪ್ಪಿದ್ದಾರೆ.

ಆರೂಮುಕ್ಕಾಲಿಗೆ ಮಹಾಂತಪ್ಪನವರ ಫೋನ್ ಬರುತ್ತದೆ. “ಅಕ್ಕಾರ, ಹಾಕೂದೇನು? ಇಲ್ಲಿ ಮಂದಿ ಉಪಾಸ ಕುಂತಾರ.”

“ಎರಡ ನಿಮಿಷ ತಡೀರಿ. ಕಾಶೆವ್ವನ ಗೆರಿ ಒಂದ ಉಳದೈತಿ.”

ಆ ಕಡೆ ಮಹಾಂತಪ್ಪ ಫೋನ್ ಇಡದೆ ಕಾಯುತ್ತಾರೆ.

ನಸೀರಾ ಪ್ಲಗ್ ಕೀಳುತ್ತಾರೆ. ಹತ್ತು ಎಣಿಸುತ್ತಾರೆ. ಚುಚ್ಚುತ್ತಾರೆ. ಪರದೆ ಬೆಳಗಿ, ಡೇಟಾಬೇಸ್ ತಾನಾಗಿ ಎದ್ದು ನಿಲ್ಲುತ್ತದೆ. ಅವರು ಗೆರೆ ಎಳೆದು ಫೋನ್ ಎತ್ತಿಕೊಳ್ಳುತ್ತಾರೆ.

“ಹಾಕ್ರಿ.”